ಬೇಸರದ ದಾರಿಯಲ್ಲಿ ಒಂದು ಕೆಮ್ಮು

ನನಗೆ ಬೇಸರ ಬಹಳ ಬೇಗ ಬರುತ್ತದೆ. ಇದನ್ನು ಇದುವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ, ಏಕೆಂದರೆ ನಾನು ಹೈಸ್ಕೂಲು ಮಾಸ್ತರ. ಬೇಸರಪಡುವುದು ಮಕ್ಕಳ ಹಕ್ಕು, ಬೇಸರಪಡಿಸುವುದು ನಮ್ಮ ಕರ್ತವ್ಯ ಎಂದು ಲೋಕ ತೀರ್ಮಾನಿಸಿಬಿಟ್ಟಿದೆ. ಆದರೆ ಇಪ್ಪತ್ತೆಂಟು ವರ್ಷ ಅದೇ ಪಾಣಿಪತ್ ಕದನವನ್ನು ಅದೇ ಹಳದಿಗಟ್ಟಿದ ನೋಟ್ಸಿನಿಂದ ಓದಿ ಬರೆಸಿದವನ ಗತಿ ಏನೆಂದು ಯಾರಾದರೂ ಕೇಳಿದ್ದಾರೆಯೇ? ನನ್ನ ಪಾಠಕ್ಕೆ ಸ್ವತಃ ಬಾಬರನೇ ಎದ್ದು ಬಂದಿದ್ದರೂ ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದ.

ಅಂಥ ನನಗೆ ಕಳೆದ ವರ್ಷ ಬೇಸರವೇ ಮೋಕ್ಷದ ದಾರಿ ಎಂದು ತಿಳಿದುಬಂತು. ಯಾದಗಿರಿಯಲ್ಲಿ ಶಿಕ್ಷಕರಿಗಾಗಿ ಎರಡು ದಿನದ ಧ್ಯಾನ ಶಿಬಿರವಿತ್ತು. ರಜೆ ಹಾಕದೆ ಹಾಜರಿ ಸಿಗುತ್ತದೆ, ಮಧ್ಯಾಹ್ನ ಹೋಳಿಗೆ ಊಟವಿದೆ ಎಂಬ ಎರಡು ಆಧ್ಯಾತ್ಮಿಕ ಕಾರಣಗಳಿಂದ ನಾನೂ ಹೋಗಿದ್ದೆ. ಬಿಳಿ ಜುಬ್ಬಾದ ಗುರುಗಳು ಬಹಳ ಮೆಲ್ಲಗೆ ಮಾತಾಡಿದರು. ಬೇಸರ ಬಂದಾಗ ಓಡಬೇಡಿ, ಮೊಬೈಲು ಹುಡುಕಬೇಡಿ, ಅದರ ಜೊತೆ ಸುಮ್ಮನೆ ಇರಿ, ಬೇಸರದ ತಳ ಮುಟ್ಟಿದವನಿಗೆ ಅಲ್ಲಿ ತಾನೇ ಸಿಗುತ್ತಾನೆ ಎಂದರು. ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡು, ಕೆಳಗೆ ಗೆರೆ ಎಳೆದು, ಬೇಸರವಾಗಿ ಗೆರೆಯ ತುದಿಗೊಂದು ಹೂ ಬಿಡಿಸಿದೆ.

ನಮ್ಮ ಹಿರಿಯರು ವೈರಾಗ್ಯದಲ್ಲಿ ಮೂರು ಬಗೆ ಎಣಿಸಿದ್ದಾರೆ. ಸ್ಮಶಾನದಲ್ಲಿ ಬರುವುದೊಂದು, ಹೆರಿಗೆ ನೋವಿನಲ್ಲಿ ಬರುವುದೊಂದು, ಪುರಾಣ ಕೇಳುವಾಗ ಬರುವುದೊಂದು. ಮೂರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾಲ್ಕನೆಯದು ಅವರ ಕಾಲಕ್ಕೆ ಇರಲಿಲ್ಲ: ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಕೊಠಡಿ ಮೇಲ್ವಿಚಾರಕನಿಗೆ ಬರುವ ವೈರಾಗ್ಯ. ಮೂರೂಕಾಲು ಗಂಟೆ. ಮೊಬೈಲನ್ನು ಮೊದಲೇ ಇಸಿದುಕೊಂಡಿರುತ್ತಾರೆ. ಪೇಪರು ಓದುವಂತಿಲ್ಲ, ಯಾರೊಂದಿಗೂ ಮಾತಾಡುವಂತಿಲ್ಲ, ಕೂಡುವಂತೆಯೂ ಇಲ್ಲ. ಹಿಮಾಲಯಕ್ಕೆ ಹೋದವರಿಗೆ ಕೂಡುವ ಸೌಕರ್ಯವಾದರೂ ಇತ್ತು.

ಈ ಸಲ ನನ್ನ ಪಾಲಿಗೆ ಶಹಾಪುರದ ಒಂದು ಕೇಂದ್ರ ಬಂತು. ಗಣಿತದ ದಿನ, ಖಾಸಗಿಯಾಗಿ ಕಟ್ಟಿದವರ ಕೊಠಡಿ. ಹಿಂದೆ ಫೇಲಾದವರು, ಮದುವೆಯಾಗಿ ಓದು ಬಿಟ್ಟವರು, ಇಂಥವರೇ ಎಲ್ಲ. ಬಾಗಿಲ ಪಕ್ಕದ ಮೊದಲ ಬೆಂಚಿನಲ್ಲಿ ಮೂವತ್ತು ದಾಟಿದ ಹೆಂಗಸೊಬ್ಬಳಿದ್ದಳು. ಗೋಗಿ ಹತ್ತಿರದ ತನ್ನ ಗಂಡನ ಊರಿನ ಅಂಗನವಾಡಿಯಲ್ಲಿ ಸಹಾಯಕಿಯ ಹುದ್ದೆ ಖಾಲಿ ಇದೆ, ಹತ್ತನೆಯದು ಪಾಸಾಗಿರಬೇಕು, ಉಳಿದದ್ದೆಲ್ಲ ಮುಗಿದು ಗಣಿತ ಒಂದೇ ಬಾಕಿ ಎಂದು ಅವಳು ಪಕ್ಕದವಳಿಗೆ ಹೇಳುತ್ತಿದ್ದದ್ದು ಗಂಟೆ ಬಾರಿಸುವ ಮುಂಚೆ ಕಿವಿಗೆ ಬಿದ್ದಿತ್ತು. ಹಾಲ್ ಟಿಕೆಟ್ಟಿನಲ್ಲಿ ಹೆಸರು ನಿಂಗಮ್ಮ ಎಂದಿತ್ತು. ನಿಂಗಮ್ಮಂದಿರು ನಮ್ಮ ಕಡೆ ಓಣಿಗೆ ನಾಲ್ಕು ಜನ. ಮುಖ ನೋಡದೆ ಸಹಿ ಹಾಕಿದೆ.

ಕಿಟಕಿಯಲ್ಲಿ ಗುಡ್ಡ ಕಾಣುತ್ತಿತ್ತು. ನಮ್ಮ ಶಹಾಪುರದ ಗುಡ್ಡ ದೂರದಿಂದ ನೋಡಿದರೆ ಬುದ್ಧ ಮಲಗಿದ ಹಾಗಿದೆ. ಗಯೆಯಲ್ಲಿ ಎಚ್ಚೆತ್ತವನು ಇಲ್ಲಿಗೆ ಬಂದು ಮಲಗಿದ್ದಾನೆ; ನಮ್ಮ ಬಿಸಿಲಿನ ಪ್ರಭಾವ ಅಂಥದು. ಕೊಠಡಿಯ ಮೂಲೆಯಲ್ಲಿ ಕ್ಯಾಮರಾ ಇತ್ತು. ದೀಪದ ಕೆಳಗೆ ಕತ್ತಲೆ ಎಂಬ ಗಾದೆ ಕ್ಯಾಮರಾಕ್ಕೂ ಸಲ್ಲುತ್ತದೆ ಎಂದು ಅನುಭವಸ್ಥ ಮಾಸ್ತರರಿಗೆಲ್ಲ ಗೊತ್ತು. ಅದರ ನೇರ ಕೆಳಗೆ ಗೋಡೆಗೆ ಆತು ನಿಂತೆ. ಗುರುಗಳ ಮಾತು ನೆನಪಾಗಿ, ಬೇಸರದ ತಳವನ್ನು ಇವತ್ತು ನೋಡಿಯೇಬಿಡೋಣ ಎಂದುಕೊಂಡೆ. ಫ್ಯಾನಿನ ರೆಕ್ಕೆ ಎಣಿಸಿದೆ. ಎಷ್ಟು ಸಲ ಎಣಿಸಿದರೂ ಮೂರೇ. ಆಮೇಲೆ ನಿದ್ದೆ ಬಂತು. ನಿಂತೇ ನಿದ್ದೆ ಮಾಡುವ ವಿದ್ಯೆ ಸಿದ್ಧಿಸಿರುವುದು ಕುದುರೆಗೆ ಮತ್ತು ನನಗೆ.

ಎಚ್ಚರವಾದದ್ದು ಒಂದು ಕೆಮ್ಮಿಗೆ. ಎರಡು ಸಲ ಕೆಮ್ಮು, ತುಸು ಬಿಟ್ಟು ಇನ್ನೊಂದು. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಕೈ ತಾನಾಗಿ ಸೀಮೆಸುಣ್ಣ ಹುಡುಕಿತು. ಆ ಕೆಮ್ಮನ್ನು ಕಲಿಸಿದವನು ನಾನೇ.

ಹದಿನೈದು ಹದಿನಾರು ವರ್ಷದ ಹಿಂದೆ ಕೆಂಭಾವಿ ಕಡೆಯ ಒಂದು ಶಾಲೆಯಲ್ಲಿದ್ದೆ. ಊಟದ ನಂತರದ ಪಿರಿಯಡ್ಡು ನನ್ನದು. ಮನಸ್ಸಿನಲ್ಲೇ ಓದಿಕೊಳ್ಳಿ ಎಂದು ಮಕ್ಕಳಿಗೆ ಹೇಳಿ ಕುರ್ಚಿಗೆ ಒರಗುತ್ತಿದ್ದೆ. ಹೆಡ್‌ಮಾಸ್ತರರಿಗೆ ವರಾಂಡ ಸುತ್ತುವ ಚಟ. ಅದಕ್ಕಾಗಿ ಬಾಗಿಲ ಬಳಿ ಒಬ್ಬ ಹುಡುಗಿಯನ್ನು ಕಾವಲಿಗೆ ಕೂಡಿಸಿದ್ದೆ. ಅವರು ಬಂದರೆ ಎರಡು ಕೆಮ್ಮು, ಬಿಟ್ಟು ಒಂದು. ಕಣ್ಣು ಚುರುಕು ಎಂದು ಅವಳನ್ನು ಆರಿಸಿದೆ ಎಂದು ಆಗ ಹೇಳಿಕೊಳ್ಳುತ್ತಿದ್ದೆ. ಕೂಲಿಯವರ ಮಗಳು, ಮನೆಯಿಂದ ಬಂದು ಕೇಳುವವರು ಯಾರೂ ಇಲ್ಲ ಎಂದು ಆರಿಸಿದ್ದು ನಿಜ. ಅವಳ ಖ್ಯಾತಿ ಹಬ್ಬಿ, ಗಣಿತದ ಮಾಸ್ತರರೂ ತಮ್ಮ ಪಿರಿಯಡ್ಡಿಗೆ ಅವಳನ್ನು ಅಲ್ಲೇ ಕೂಡಿಸಿಕೊಂಡರು. ಇಡೀ ವರ್ಷ ನಿಂಗಮ್ಮ ಒಂದು ಸಲವೂ ತಪ್ಪಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ಫೇಲಾದಳು.

ನಕಲು ಹಿಡಿಯುವ ಸ್ಕ್ವಾಡಿನ ಸಾಹೇಬರು ಕೊಠಡಿಯೊಳಗೆ ಕಾಲಿಡುವಾಗ ನಾನು ಬೆಂಚುಗಳ ನಡುವೆ ಶಿಸ್ತಾಗಿ ಓಡಾಡುತ್ತಿದ್ದೆ. ಆದರೆ ಅವರು ಕೆಮ್ಮನ್ನು ಕೇಳಿಸಿಕೊಂಡಿದ್ದರು. ನೇರ ನಿಂಗಮ್ಮನ ಬಳಿ ಹೋಗಿ ಉತ್ತರ ಪತ್ರಿಕೆ ಎತ್ತಿಕೊಂಡರು, ಯಾರಿಗೆ ಸನ್ನೆ ಮಾಡುತ್ತಿದ್ದೀ ಎಂದು ಕೇಳಿದರು. ಅವಳು ಪೆನ್ನು ಬೆಂಚಿನ ಮೇಲಿಟ್ಟು ಎದ್ದು ನಿಂತಳು. ಜೊತೆಗೆ ಬಂದಿದ್ದ ಮೇಡಂ ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಸೆರಗು, ಸೊಂಟ ಎಲ್ಲ ತಡಕಿದರು. ಏನೂ ಸಿಗಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿದರು.

"ಯಾಕ ಕೆಮ್ಮಿದಳ್ರಿ ಆಕಿ?"

"ಗೊತ್ತಿಲ್ರಿ ಸಾಹೇಬ್ರ," ಎಂದೆ.

ಒಳಗೆ ಬರುತ್ತಿದ್ದ ನಿಂಗಮ್ಮ ನನ್ನ ಮುಖ ನೋಡಿದಳು. ಸಿಟ್ಟು ಇರಲಿಲ್ಲ. ನನಗೆ ಪೂರ್ತಿ ಎಚ್ಚರವಾಗಿದೆಯೋ ಇಲ್ಲವೋ ಎಂದು ನೋಡಿದ ಹಾಗಿತ್ತು.

ಹುಡುಕುವುದು, ವಿಚಾರಣೆ ಎಲ್ಲ ಸೇರಿ ಅವಳ ಇಪ್ಪತ್ತು ನಿಮಿಷ ಹೋಯಿತು. ಕೊನೆಯ ಗಂಟೆ ಬಾರಿಸಿದಾಗ ಅವಳು ಕಡೆಯ ಲೆಕ್ಕದಲ್ಲಿದ್ದಳು. ಆಯ್ತವ್ವ, ಬಿಡು ಎಂದು ನಾನೇ ಅವಳ ಕೈ ಕೆಳಗಿನಿಂದ ಪತ್ರಿಕೆ ಎಳೆದುಕೊಂಡೆ. ಹೆಚ್ಚಿಗೆ ಹೊತ್ತು ಕೊಡಲು ನಿಯಮವಿರಲಿಲ್ಲ. ನಿಯಮ ನನಗೆ ಅಂಥ ಹೊತ್ತಿನಲ್ಲಿ ಚೆನ್ನಾಗಿ ನೆನಪಿರುತ್ತದೆ.

ಹೊರಗೆ ಬಂದಾಗ ಅವಳು ಬೇವಿನ ಗಿಡದ ಕೆಳಗೆ ಗೋಗಿಯ ಆಟೋ ತುಂಬುವುದನ್ನು ಕಾಯುತ್ತ ನಿಂತಿದ್ದಳು. ತಪ್ಪಾಯಿತು ಎನ್ನಲು ಹೋದವನು, ಮಾಸ್ತರಿಕೆ ಅಡ್ಡ ಬಂದು, ಯಾಕೆ ಕೆಮ್ಮಿದೆ ಎಂದು ಅವಳನ್ನೇ ಗದರುವ ದನಿಯಲ್ಲಿ ಕೇಳಿದೆ.

"ರೂಢಿ ಆಗ್ಯಾದ್ರಿ ಸರ," ಎಂದಳು. "ಎಲ್ಲಿ ಕುಂತ್ರೂ ಕಣ್ಣು ಮೊದಲ ಬಾಗಲ ಕಡಿ ಹೋಗ್ತಾವ. ಪುಸ್ತಕದ ಕಡಿ ತಿರಗಸಬೇಕಂದ್ರ ಭಾಳ ತ್ರಾಸ ಆಗ್ತದರಿ."

ಆಟೋ ತುಂಬಿತು, ಹೋದಳು. ನಾನು ಬಸ್ ಸ್ಟ್ಯಾಂಡಿನವರೆಗೆ ನಡೆದೆ. ನಾಚಿಕೆಯಾಗಿತ್ತು, ಬಹಳ ನಾಚಿಕೆಯಾಗಿತ್ತು. ಆದರೂ ಹೊಟ್ಟೆ ಹಸಿದಿತ್ತೆಂದು ಒಂದು ಪ್ಲೇಟು ಸುಸಲಾ ತಿಂದೆ. ಇದನ್ನೂ ಹೇಳಿಬಿಡುವುದು ಒಳ್ಳೆಯದು.

ಫಲಿತಾಂಶ ಬಂದಾಗ ಗೋಗಿ ಕಡೆಯ ಪರಿಚಯದ ಮಾಸ್ತರರೊಬ್ಬರನ್ನು ವಿಚಾರಿಸಿದೆ. ಫೇಲು ಎಂದರು. ಎಷ್ಟು ಅಂಕದಿಂದ ಎಂದು ಕೇಳುವ ಧೈರ್ಯ ಬರಲಿಲ್ಲ. ಪರೀಕ್ಷೆಯನ್ನು ಮತ್ತೆ ಬರೆಯಬಹುದು, ಈಗ ವರ್ಷಕ್ಕೆ ಎರಡು ಮೂರು ಸಲ ನಡೆಸುತ್ತಾರೆ. ಅಂಗನವಾಡಿಯ ಹುದ್ದೆ ಅಷ್ಟು ದಿನ ಕಾಯಲಿಲ್ಲ. ಬೇರೆ ಯಾರೋ ಸೇರಿಕೊಂಡರಂತೆ.

ಮೊನ್ನೆ ಮತ್ತೆ ಧ್ಯಾನ ಶಿಬಿರವಾಯಿತು, ಈ ಸಲ ಸುರಪುರದಲ್ಲಿ. ಬೇಸರದ ತಳದಲ್ಲಿ ಯಾರಿಗಾದರೂ ಏನಾದರೂ ಕಂಡಿತೇ ಎಂದು ಗುರುಗಳು ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು, ಹಿರಿಯನಲ್ಲವೇ. ಎದ್ದು ನಿಂತು, ಬೆಳಕು ಕಂಡಿತು ಎಂದೆ. ಚಪ್ಪಾಳೆ ಬಿತ್ತು. ಗುರುಗಳು ಹೇಳಿದ್ದು ಸುಳ್ಳಲ್ಲ, ಅಲ್ಲಿ ನನಗೆ ನಾನೇ ಸಿಕ್ಕಿದ್ದೆ. ಸಿಕ್ಕವನನ್ನು ಏನು ಮಾಡಬೇಕು ಎಂಬುದನ್ನು ಮಾತ್ರ ಅವರು ಎರಡೂ ಶಿಬಿರದಲ್ಲಿ ಹೇಳಿಕೊಡಲಿಲ್ಲ.

ಈಗ ಮಧ್ಯಾಹ್ನದ ಪಿರಿಯಡ್ಡಿನಲ್ಲಿ ನನಗೆ ನಿದ್ದೆ ಬರುವುದಿಲ್ಲ. ಬಾಗಿಲಿಗೆ ಅಡ್ಡವಾಗಿ ನಾನೇ ನಿಂತು ಪಾಠ ಮಾಡುತ್ತೇನೆ, ಯಾವ ಮಗುವಿನ ಕಣ್ಣೂ ಆ ಕಡೆ ಹೋಗದಿರಲಿ ಎಂದು. ಆದರೂ ಹೋಗುತ್ತವೆ. ನನ್ನ ಪಾಣಿಪತ್ ಕದನ ಅಷ್ಟು ಬೇಸರ.