ಡಾಂಬರು ಬಾಯಿಯ ಅಂಚೆ ಡಬ್ಬ

ಭಾನುವಾರದ ಮೊದಲ ಪೂಜೆಗೆ ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ ಇನ್ನಾಸಪ್ಪನವರು ಲಷ್ಕರ್ ಮೊಹಲ್ಲಾದ ಮೂಲೆಯಲ್ಲಿ, ಅಂಚೆ ಡಬ್ಬದ ಮುಂದೆ ಮಂಡಿಯೂರಿದ್ದಾರೆ. ಹೆಂಡತಿ ಪುಷ್ಪಮೇರಿ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ ಪಕ್ಕದಲ್ಲೇ ಹಾದುಹೋಗುತ್ತಾರೆ.

"ಮಂಡಿ ಊರೋದೇ ಆದ್ರೆ ಒಳಗ್ಬಂದು ಊರಬಾರ್ದಾ?"

"ನೀನೋಗು, ನನ್ ಪಾಲಿಂದೂ ಬೇಡ್ಕೊಂಬುಡು. ಇವತ್ತು ಇದರ ಬಾಯಿ ತೊಳೀಲಿಲ್ಲ ಅಂದ್ರೆ ನಾಳೆ ಗುಜರಿಗೋಯ್ತದೆ."

ಸೀಮೆಎಣ್ಣೆಯಲ್ಲಿ ಅದ್ದಿದ ತೆಂಗಿನ ನಾರಿನಿಂದ ಅವರು ಡಬ್ಬದ ಬಾಯಿ ಉಜ್ಜುತ್ತಿದ್ದಾರೆ. ಬಡಪೆಟ್ಟಿಗೆ ಬಿಡುವ ಕಪ್ಪಲ್ಲ ಅದು.

ಇನ್ನಾಸಪ್ಪ ಊರಿನ ಅಂಚೆ ಡಬ್ಬಗಳಿಗೆ ಬಣ್ಣ ಹೊಡೆಯುವವರು. ಇಲಾಖೆಯ ನೌಕರರಲ್ಲ, ಬಿಡಿಗೆಲಸದವರು. ದಿನಕ್ಕೆ ಎರಡು ಡಬ್ಬ, ಮಳೆಗಾಲದಲ್ಲಿ ಒಂದೂ ಇಲ್ಲ. ಆಗ ಮದುವೆಮನೆಯ ಕುರ್ಚಿ, ಜಟಕಾದ ಚಕ್ರ, ಹೀಗೆ ಬಣ್ಣ ಕುಡಿಯುವ ಯಾವುದಾದರೂ ಸರಿ. ಬೆಟ್ಟದ ದಾರಿಯ ಡಬ್ಬವಾದರೆ ಹೆಗಲ ಮೇಲೆ ಬಣ್ಣದ ಡಬ್ಬಿ ಹೊತ್ತು ನಡೆದೇ ಹೋಗಬೇಕು. ಮೊಣಕಾಲು ಈಗೀಗ ತಕರಾರು ತೆಗೆಯುತ್ತದೆ. "ಅದರ ಮಾತು ಕೇಳ್ಕೊಂಡು ಕೂತ್ರೆ ಒಲೆ ಹತ್ತಲ್ಲ ಕಣ್ರೀ" ಎನ್ನುತ್ತಾರೆ.

ಅವರು ಬಣ್ಣ ಹೊಡೆಯುವ ಡಬ್ಬಗಳಲ್ಲಿ ಈ ಮೂಲೆಯದೇ ಹಳೆಯದು. ಎರಕದ ಕಬ್ಬಿಣ, ಹೆಗಲೆತ್ತರ, ಸೊಂಟದಲ್ಲಿ ಯಾವುದೋ ಕಾಲದ ಜಟಕಾ ಗುದ್ದಿದ ತಗ್ಗು. ತುದಿಗಾಲಲ್ಲಿ ನಿಂತು ಇದರ ಬಾಯಿಗೆ ಕೈ ಮುಟ್ಟಿಸಿದ ಮಗು ಸ್ಕೂಲಿಗೆ ಹೋಗುವಷ್ಟು ದೊಡ್ಡದಾಯಿತೆಂದು ಮೊಹಲ್ಲಾದ ತಾಯಂದಿರ ಲೆಕ್ಕ. ಎದೆಯ ಮೇಲೊಂದು ಕಿರೀಟವಿದೆ. ಸ್ವಾತಂತ್ರ್ಯ ಬಂದ ವರ್ಷ ಅದನ್ನು ಉಳಿ ಹಿಡಿದು ಕೆತ್ತಿಹಾಕಲು ಕೆಲವು ಉತ್ಸಾಹಿಗಳು ಬಂದಿದ್ದರು. ಇನ್ನಾಸಪ್ಪ "ತಡೀರಿ" ಎಂದು ಅದರ ಮೇಲೆ ಎರಡು ಕೋಟು ಕೆಂಪು ಹೆಚ್ಚಾಗಿಯೇ ಬಳಿದರು. ಹನ್ನೊಂದು ವರ್ಷದಿಂದ ಬಳಿಯುತ್ತಲೇ ಬಂದು, ಈಗದು ಕಿರೀಟವೋ ಉದ್ದಿನವಡೆಯೋ ಹೇಳುವುದು ಕಷ್ಟ. ಸಾಮ್ರಾಜ್ಯಗಳು ಹೀಗೂ ಮುಗಿಯುತ್ತವೆ.

ಈ ಸಲ ಮಾತ್ರ ಕೆಲಸ ಇನ್ನೊಬ್ಬ ಪೇಂಟರಿಗೆ ಹೋಯಿತು. ಆತ ಬುಡಕ್ಕೆ ಡಾಂಬರು ಬಳಿದ, ಅದು ಸರಿಯೇ. ಮಿಕ್ಕಿದ್ದನ್ನು ಚೆಲ್ಲುವುದೇಕೆಂದು ಬಾಯಿಯ ಅಂಚಿಗೂ ಬಳಿದ. ಬೇಸಗೆಯ ಬಿಸಿಲಿಗೆ ಡಾಂಬರು ದಿನಾ ಮಧ್ಯಾಹ್ನ ಕರಗತೊಡಗಿತು. ಒಳಗೆ ಹೋದ ಕಾಗದಕ್ಕೆಲ್ಲ ಅಂಚಿನಲ್ಲಿ ಕಪ್ಪು ಹತ್ತಿತು.

ಅಂಚಿಗೆ ಕಪ್ಪು ಹಚ್ಚಿದ ಕಾಗದ ಸಾವಿನ ಸುದ್ದಿಯದು. ಅದನ್ನು ಹೊಸಿಲು ದಾಟಿಸುವಂತಿಲ್ಲ, ಓದಿ ನಿಂತಲ್ಲೇ ಹರಿದುಹಾಕುವುದು ಪದ್ಧತಿ. ಡಬ್ಬದ ಪಕ್ಕದಲ್ಲಿ ಹೂವು ಮಾರುವ ಬೆಟ್ಟಮ್ಮ ತಮಗೆ ಮೊಮ್ಮಗ ಹುಟ್ಟಿದನೆಂದು ಹಳ್ಳಿಯ ತಂಗಿಗೆ ಕಾರ್ಡು ಬರೆಸಿ ಹಾಕಿದರು. ಅಲ್ಲಿ ಓದು ಬಲ್ಲ ಮೇಷ್ಟ್ರು ಊರಲ್ಲಿರಲಿಲ್ಲ. ಪೇಟೆಯಿಂದ ಅವರಿಗೆ ಕಾರ್ಡು ಬರುವುದು ಬೆಟ್ಟಮ್ಮನ ಮನೆಯಿಂದ ಮಾತ್ರ; ಅಂಚು ನೋಡಿದ ಮೇಲೆ ಓದುವುದಕ್ಕೇನಿದೆ? ಕಾರ್ಡು ಹರಿದು, ಎರಡು ಗಾಡಿ ತುಂಬ ನೆಂಟರು ಅಳುತ್ತ ಬಂದಿಳಿದರು. ಬಾಗಿಲಲ್ಲಿ ಬೆಟ್ಟಮ್ಮನೇ ಎಲೆಅಡಿಕೆ ಅಗಿಯುತ್ತ ನಿಂತಿದ್ದರು.

"ಬದುಕಿದ್ದೀಯಾ?" ಎಂದು ತಂಗಿ ಕೇಳಿದ ಧಾಟಿಯಲ್ಲಿ ಸಂತೋಷಕ್ಕಿಂತ ಗಾಡಿ ಬಾಡಿಗೆಯ ಸಂಕಟವೇ ಹೆಚ್ಚಿತ್ತಂತೆ.

ಇಂಥ ಗೋಳಾಟ ಮೂರ್ನಾಲ್ಕು ಮನೆಗಳಲ್ಲಾಯಿತು. ಡಬ್ಬಕ್ಕೇ ಅಪಶಕುನವೆಂಬ ಹೆಸರು ಬಂತು. ಜನ ಕಾಗದ ಹಾಕುವುದು ಬಿಟ್ಟರು. ಜನ ಬಳಸದ ಡಬ್ಬ ಕಿತ್ತು ಗೋಡೆಗೆ ತಗಡಿನದು ನೇತುಹಾಕುವುದೆಂದು ಇಲಾಖೆಯಲ್ಲಿ ತೀರ್ಮಾನವಾಗಿ, ಸೋಮವಾರಕ್ಕೆ ಗಾಡಿ ಗೊತ್ತುಮಾಡಿದ್ದೂ ಆಯಿತು. ಇನ್ನಾಸಪ್ಪ ಅಂಚೆ ಇನ್‌ಸ್ಪೆಕ್ಟರ್ ರುದ್ರಸ್ವಾಮಿಯವರ ಮನೆ ಬಾಗಿಲಿಗೆ ಹೋಗಿ ಒಂದು ಭಾನುವಾರದ ಗಡುವು ಕೇಳಿಕೊಂಡರು. ಕೂಲಿ ಬೇಡವೆಂದರು.

ಬಿಸಿಲು ಏರುವಷ್ಟರಲ್ಲಿ ಬಾಯಿ ಬರಿಯ ಕಬ್ಬಿಣವಾಗಿದೆ. ಇನ್ನಾಸಪ್ಪ ಜೇಬಿನಿಂದ ಮೇಣದಬತ್ತಿಯ ತುಂಡು ತೆಗೆದು ಅಂಚಿಗೆ ತಿಕ್ಕುತ್ತಾರೆ, ಬಟ್ಟೆಯಿಂದ ಒರೆಸುತ್ತಾರೆ, ಮತ್ತೆ ತಿಕ್ಕುತ್ತಾರೆ. ಬಾಯಿಗೆ ಅವರು ಯಾವತ್ತೂ ಬಣ್ಣ ಮುಟ್ಟಿಸಿದವರಲ್ಲ. "ಮೇಣ ಇದ್ರೆ ತುಕ್ಕು ಇಡಿಯಲ್ಲ, ಕಾಗದಕ್ಕೂ ಅಂಟಲ್ಲ" ಎನ್ನುತ್ತಾರೆ.

ನಡುಮಧ್ಯಾಹ್ನ ರುದ್ರಸ್ವಾಮಿ ಕೊಡೆ ಹಿಡಿದು ಬರುತ್ತಾರೆ. ಕಬ್ಬಿಣ ಮುಟ್ಟಿದರೆ ಸುಡುತ್ತಿದೆ. ಬಿಳಿಯ ಕರ್ಚೀಫು ಬಾಯೊಳಗೆ ತೂರಿಸಿ ಎಳೆಯುತ್ತಾರೆ. ಹೋದಷ್ಟೇ ಬಿಳುಪಾಗಿ ಹೊರಬರುತ್ತದೆ.

"ಸರಿ ಹೋಗಿದೆಯಪ್ಪ. ಆದ್ರೆ ಜನ ಹಾಕ್ಬೇಕಲ್ಲ? ಹಾಕದಿದ್ರೆ ಇಟ್ಕೊಂಡು ನಾನೇನು ಪೂಜೆ ಮಾಡ್ಲಾ?"

ಸುತ್ತ ನೆರೆದ ಎಲ್ಲರ ಕಣ್ಣೂ ಬೆಟ್ಟಮ್ಮನ ಕಡೆ ತಿರುಗುತ್ತದೆ. ಮೊಮ್ಮಗನ ನಾಮಕರಣಕ್ಕೆ ತಂಗಿಯನ್ನು ಕರೆಯುವ ಕಾರ್ಡು ಅವರ ಹೂವಿನ ಬುಟ್ಟಿಯಲ್ಲಿದೆ. ದೊಡ್ಡ ಪೋಸ್ಟಾಫೀಸಿಗೆ ನಡೆದುಹೋಗಿ ಹಾಕುವ ಯೋಚನೆ.

"ಕರ್ಚೀಪು ನಿಮ್ದು ಸ್ವಾಮಿ, ತಂಗಿ ನನ್ನೋಳು" ಎನ್ನುತ್ತಾರೆ ಬೆಟ್ಟಮ್ಮ. ಆಮೇಲೆ ಬಗ್ಗಿ ಡಬ್ಬದ ಬಾಯಿ ನೋಡುತ್ತಾರೆ, ಬೆರಳಾಡಿಸುತ್ತಾರೆ, ಬೆರಳನ್ನು ಸೆರಗಿಗೆ ಒರೆಸಿ ಸೆರಗು ನೋಡುತ್ತಾರೆ. ಕಾರ್ಡು ತೆಗೆದು ಇನ್ನಾಸಪ್ಪನವರ ಕೈಗಿಡುತ್ತಾರೆ. "ನಿನ್ ಕೈಯಾರೆ ಆಕು ಇನ್ನಾಸಣ್ಣ. ಕಪ್ಪಾಯ್ತೋ, ಆ ಎರಡು ಗಾಡಿನೂ ನಿನ್ ಮನೆ ಮುಂದ್ಕೇ ಕಳಿಸ್ತೀನಿ. ಅಳೋಕೂ ಜನ ಇರ್ತಾರೆ, ಉಣ್ಣೋಕೂ ಇರ್ತಾರೆ."

"ಕಳ್ಸು ಕಣಮ್ಮ, ಪುಷ್ಪಮೇರಿ ಸಾರು ಮಾಡ್ತಾಳೆ" ಎಂದು ಇನ್ನಾಸಪ್ಪ ಕಾರ್ಡು ಬಿಡುತ್ತಾರೆ. ಒಳಗೆ ಅದು ಬಿದ್ದ ಸದ್ದು ಕೇಳುತ್ತದೆ. ಎದುರಿನ ಅಂಗಡಿಯವರು ಇನ್‌ಲ್ಯಾಂಡ್ ಕಾಗದವೊಂದನ್ನು ಹಿಡಿದು ರಸ್ತೆ ದಾಟುತ್ತಾರೆ.

ನಾಳೆಯ ಗಾಡಿ ಬೇಡವೆಂದು ಹೇಳಿ ಕಳಿಸಲು ರುದ್ರಸ್ವಾಮಿ ಹೊರಡುತ್ತಾರೆ. ಹೋಗುವ ಮುನ್ನ, ನಿನಗೇನು ಬೇಕಪ್ಪ ಎಂದು ಕೇಳುತ್ತಾರೆ.

ಇನ್ನಾಸಪ್ಪ ಕೈ ಒರೆಸಿಕೊಳ್ಳುತ್ತಾರೆ. "ನಾನೇ ಬಳೀಬೇಕು ಅಂತೇನಿಲ್ಲ ಸ್ವಾಮಿ. ಯಾರ್ ಬೇಕಾದ್ರೂ ಬಳೀಲಿ, ಯಾವ್ ಬಣ್ಣ ಬೇಕಾದ್ರೂ ಬಳೀಲಿ. ಬಾಯಿ ಮಾತ್ರ ಅದರ ಪಾಡಿಗೆ ಬುಟ್ಬುಡ್ಲಿ."