ಖಾಲಿ ಸೀಟಿನ ಪಕ್ಕ ನಿಂತವರು

ಬೈಂದೂರಿನಿಂದ ಕುಂದಾಪುರದ ಡಾಕ್ಟರಲ್ಲಿಗೆ ಹೊರಟವನು ಬಸ್ಸಿನಲ್ಲಿ ನಿಂತೇ ಇದ್ದೆ. ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ಬಾತು ವರ್ಷವಾಗಿತ್ತು; ಕೂತರೆ ಉರಿ. ಕಿರಿಮಂಜೇಶ್ವರದಲ್ಲಿ ಮೀನುಗಾರರೊಬ್ಬರು ಹತ್ತಿದರು; ಅವರೂ ಕೂರಲಿಲ್ಲ.

"ಹ್ವಾಯ್, ಸೀಟ್ ಖಾಲಿ ಇತ್ತಲೆ, ಕೂಕಣಿ," ಅಂದ ಕಂಡಕ್ಟರ್. ಇಬ್ಬರೂ ಕೇಳಿಸದವರಂತಿದ್ದೆವು.

"ನಿಮ್ಗೂ ಗ್ರಂಥಿಯಾ?" ಮೀನುಗಾರರು ಮೆಲ್ಲಗೆ ಕೇಳಿದರು.

"ಹೌದ್. ಸಾಯೂ ಕಾಯ್ಲಿ ಅಲ್ಲ, ಬೇಗ ಗುಣ ಆಪ್ದೂ ಅಲ್ಲ ಅಂದಿರ್ ಡಾಕ್ಟ್ರ್."

"ನಂಗೆ ದಿನಾ ಬಿಸ್ನೀರಗೆ ಕೂಕಣಿ ಅಂದ್ರ್. ದೋಣಿ ಹಲ್ಗಿ ಮೇಲೆ ಯಾವಾಗ ಕೂಕಂಬುದ್ ಕೇಂಡ್ರೆ ಮತ್ತೂ ಬಿಸ್ನೀರೇ ಅಂದ್ರ್ ಡಾಕ್ಟ್ರ್."

ಮರವಂತೆ ಬಂತು. ಅವರು ಬಗ್ಗಿ, ಕಡಲು ಮರೆಯಾಗುವವರೆಗೂ ಕಿಟಕಿಯಿಂದ ದೋಣಿಗಳನ್ನೇ ನೋಡಿದರು.

ಆಯುಷ್ಯವೆಲ್ಲ ಕಡಲ ಮೇಲೆ ಕೂತವರಿಗೆ ವೈದ್ಯಶಾಸ್ತ್ರ ಸದ್ಯಕ್ಕೆ ಒಂದು ಬೋಗುಣಿ ನೀರು ಮಂಜೂರು ಮಾಡಿತ್ತು.