ಬೀಳಗಿಯಲ್ಲಿ ಸಿಕ್ಕ ಕಬ್ಬಿಣ

ನೆಲ ಅಗೆಯದೆ ಅದಿರು ಹುಡುಕುವ ಯಂತ್ರ ಹೊತ್ತು ಬೀಳಗಿಯ ಹತ್ತಿರದ ಕುರಿ ಮೇಯಿಸುವ ಬಯಲಿಗೆ ಹೋಗಿದ್ದೆ. ಕಬ್ಬಿಣ ಸಮೀಪವಿದ್ದರೆ ಅದರ ಮುಳ್ಳು ಕುಣಿಯುತ್ತದೆ. ಹಾಗಾಗಿ ಜೊತೆಗೆ ಬರುವವರ ಮೈಮೇಲೆ ಒಂದು ಗುಂಡುಸೂಜಿಯೂ ಇರಕೂಡದೆಂಬುದು ನನ್ನ ಕಟ್ಟುನಿಟ್ಟಿನ ನಿಯಮ. ಕುರಿಗಾರ ಮಾಳಪ್ಪಜ್ಜನ ಕೊಡಲಿಯನ್ನಷ್ಟೇ ಅಲ್ಲ, ಉಡದಾರಕ್ಕೆ ಕಟ್ಟಿದ್ದ ಕೀಲಿಯನ್ನೂ ದೂರ ಇಡಿಸಿದೆ.

“ಇದು ಬೀರದೇವರ ಜಾಗಾರಿ. ನೀವೂ ಬೂಟ ಬಿಡ್ರಿ,” ಎಂದ ಅಜ್ಜ.

“ಸರ್ಕಾರಿ ಕೆಲಸದಲ್ಲಿ ಬರಿಗಾಲು ಸಲ್ಲದು,” ಎಂದೆ.

ನಿಂತಲ್ಲೆಲ್ಲ ಮುಳ್ಳು ಕುಣಿಯಿತು. “ಅಜ್ಜಾ, ಬಯಲ ತುಂಬ ಕಬ್ಬಿಣ!” ಎಂದು ಹಿಗ್ಗಿದೆ.

ಅಜ್ಜನ ಮುಖ ಬಾಡಿತು. “ಗಣಿ ಆದ್ರ ಕುರಿ ಎಲ್ಲಿ ಮೇಸಬೇಕ್ರಿ?” ಎಂದವನು ನನ್ನ ಕಾಲನ್ನೇ ದಿಟ್ಟಿಸಿದ. “ನನ್ನ ಕೀಲಿ ಇಡಿಸಿದ್ರಿ. ಆ ಬೂಟಿನಾಗ ಮೊಳಿ ಇಲ್ಲೇನ್ರಿ?”

ಹಿಂದಿನ ದಿನವಷ್ಟೇ ಮುಧೋಳದಲ್ಲಿ ಬೂಟಿಗೆ ಮೊಳೆ ಜಡಿಸಿ ಹೊಸ ಅಟ್ಟೆ ಹಾಕಿಸಿದ್ದೆ. ಬೂಟು ಬಿಚ್ಚಿ ದೂರ ಇಟ್ಟು ಬಂದೆ. ಮುಳ್ಳು ಅಲುಗಲಿಲ್ಲ.

“ಗಣಿ ನಿಮ್ಮ ಕಾಲಾಗ ಇತ್ತಲ್ರಿ ಸಾಹೇಬ್ರ!” ಎಂದು ಅಜ್ಜ ಬಿದ್ದು ಬಿದ್ದು ನಕ್ಕ.

ಸಮೀಕ್ಷಕರು ಬರಿಗಾಲಲ್ಲೇ ನಡೆಯತಕ್ಕದ್ದು ಎಂದು ವರದಿಯಲ್ಲಿ ಹೊಸ ನಿಯಮ ಸೇರಿಸಿದೆ. ಕಾರಣ ತಾಂತ್ರಿಕ ಎಂದು ಬರೆದೆ. ಅಜ್ಜ ಮಾತ್ರ, ಸರ್ಕಾರ ಬೀರದೇವರ ಮಾತು ಕೇಳಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದ.